ಕೌದಿಯ ಅಂಚಿಗೆ ಲಾಗ್ ಕ್ಯಾಬಿನ್: ಮೂಲೆ ಯಾಕೆ ಕೂಡುತ್ತಿಲ್ಲ?

ಪ್ರಶ್ನೆ: ಅಕ್ಕಾ, ನಾನು ಅಂಕೋಲೆಯವಳು. ಅಮ್ಮನ ಮತ್ತು ಅತ್ತೆಯ ಹಳೇ ಹತ್ತಿ ಸೀರೆಗಳನ್ನು ಚೌಕ ಚೌಕ ಕತ್ತರಿಸಿ ಕೌದಿಯ ಮೇಲ್ಪದರ ಹೊಲಿದಿದ್ದೇನೆ. ಹೊಲಿದ ಮೇಲೆ ಒಂದೊಂದು ಚೌಕ 5 ಇಂಚು. ಅಡ್ಡಕ್ಕೆ 9, ಉದ್ದಕ್ಕೆ 13. ಒಟ್ಟು 45 ಇಂಚು ಅಗಲ, 65 ಇಂಚು ಉದ್ದ. ಸುತ್ತಲೂ ಲಾಗ್ ಕ್ಯಾಬಿನ್ ಬ್ಲಾಕಿನ (ನಡುವಿನ ತುಂಡಿಗೆ ಪಟ್ಟಿ ಸುತ್ತಿ ಹೊಲಿದ ಚೌಕದ) ಅಂಚು ಕೊಡಬೇಕೆಂದು ಆಸೆ. 8 ಇಂಚಿನ 6 ಬ್ಲಾಕ್ ಹೊಲಿದೂ ಆಯ್ತು. ನಡುವೆ 2 ಇಂಚಿನ ಕೆಂಪು ಚೌಕ, ಸುತ್ತ ಒಂದೊಂದು ಇಂಚಿನ ಪಟ್ಟಿ ಮೂರು ಸುತ್ತು, ಎರಡು ಬದಿಗೆ ತಿಳಿ ಬಣ್ಣ, ಎರಡು ಬದಿಗೆ ಕಡು. ನೆಲದ ಮೇಲೆ ಇಟ್ಟು ನೋಡಿದರೆ ಅಳತೆಗೆ ಕೂರುತ್ತಿಲ್ಲ. ಕಾಗದದಲ್ಲಿ ಬರೆದು ನೋಡಿದರೆ ಎಡಗಡೆಯ ಎರಡು ಮೂಲೆ ಚೆಂದ ಬರುತ್ತದೆ, ಬಲಗಡೆಯ ಎರಡರಲ್ಲಿ ತಿಳಿ ಬಣ್ಣ ಹೊರಗೆ ಇಣುಕುತ್ತದೆ. ಹಿಂದೊಮ್ಮೆ ಬರೀ ಪಟ್ಟಿಯ ಅಂಚು ಕೊಟ್ಟಾಗ ಅದು ಅಲೆ ಅಲೆಯಾಗಿ ನಿಂತಿತ್ತು. ಈಗ ಬ್ಲಾಕ್ ಬಿಚ್ಚಬೇಕಾ? ಆಮೇಲೆ ಇನ್ನೊಂದು, ಮೂಲೆಗೆ ಸಿದ್ದಿಯರ ಕೌದಿಯಲ್ಲಿರುವ ಹೂವಿನಂಥದ್ದು ಇಡಬಹುದಾ?

ಉತ್ತರ:

ತಂಗೀ, ಮೊದಲು ಆ ಕತ್ತರಿ ಕೆಳಗಿಡಿ. ಒಂದು ದಾರವನ್ನೂ ಬಿಚ್ಚಬೇಕಾಗಿಲ್ಲ. ನಿಮ್ಮ 6 ಬ್ಲಾಕೂ ಈ ಅಂಚಿನಲ್ಲೇ ಸೇರುತ್ತವೆ. ಹೇಗೆ ಅಂತ ಲೆಕ್ಕ ಸಮೇತ ಹೇಳುತ್ತೇನೆ. ಅದಕ್ಕೂ ಮೊದಲು ಸ್ವಲ್ಪ ಬೈಯುತ್ತೇನೆ.

ಹತ್ತರಲ್ಲಿ ಒಂಬತ್ತು ಜನ ಮಾಡುವುದು ಇದನ್ನೇ. ಒಡಲನ್ನೆಲ್ಲ ಹೊಲಿದು ಮುಗಿಸಿ, ಆಮೇಲೆ ‘ಇದಕ್ಕೆ ಅಂಚು ಏನು ಕೊಡಲಿ’ ಅಂತ ಕೇಳುವುದು. ಮಗ್ಗದವರನ್ನು ನೋಡಿ. ಸೀರೆಯ ಅಂಚಿನ ಬಣ್ಣ ಹಾಸು ಹಾಕುವಾಗಲೇ ತೀರ್ಮಾನ ಆಗಿರುತ್ತದೆ. ಒಂದು ಗೇಣು ಒಡಲು ನೇಯುವ ಮುಂಚೆಯೇ ಅಂಚು ಮಗ್ಗದಲ್ಲಿ ಕೂತಿರುತ್ತದೆ. ಅಷ್ಟು ದೂರ ಯಾಕೆ, ನಮ್ಮ ಜಿಲ್ಲೆಯಲ್ಲೇ ಯಲ್ಲಾಪುರ, ಹಳಿಯಾಳ, ಮುಂಡಗೋಡದ ಸಿದ್ದಿ ಹೆಂಗಸರು ಹೊಲಿಯುವ ಕವಂದಿ, ಅಂದರೆ ಅವರ ಕೌದಿ, ನೋಡಿ. ಹಳೇ ಸೀರೆಯನ್ನು ಅಡಿಗೆ ಹಾಸಿಕೊಂಡು, ಅಂಚಿನಿಂದಲೇ ಶುರು ಮಾಡುತ್ತಾರೆ. ತುಂಡಿನ ಬದಿಯನ್ನು ಬೆರಳಲ್ಲೇ ಮಡಚಿ, ಸಾಲು ಹೊಲಿಗೆ ಹಾಕುತ್ತಾ ಸುತ್ತಿ ಸುತ್ತಿ ಒಳಗೆ ಬರುತ್ತಾರೆ. ನಡು ತುಂಬುವುದು ಕಟ್ಟಕಡೆಗೆ. ಅವರಿಗೆ ಅಂಚಿನ ಚಿಂತೆ ಬರುವುದೇ ಇಲ್ಲ, ಅದು ಮೊದಲೇ ಮುಗಿದಿರುತ್ತದೆ.

ಲಾಗ್ ಕ್ಯಾಬಿನ್ ಇದಕ್ಕೆ ಪೂರ್ತಿ ಉಲ್ಟಾ. ನಡುವಿನ ಚೌಕದಿಂದ ಶುರುವಾಗಿ ಹೊರಗೆ ಬೆಳೆಯುತ್ತದೆ. ಆದ್ದರಿಂದ ಹೊಲಿಯುವುದು ಒಳಗಿಂದ ಹೊರಗೆ, ಲೆಕ್ಕ ಹಾಕುವುದು ಮಾತ್ರ ಸಿದ್ದಿಯರ ಹಾಗೆ ಹೊರಗಿಂದ ಒಳಗೆ. ಇಷ್ಟು ಅಭ್ಯಾಸ ಆದರೆ ನಿಮ್ಮ ಅರ್ಧ ತಲೆನೋವು ಹೋಗುತ್ತದೆ.

ಬೈದದ್ದು ಮುಗಿಯಿತು. ಈಗ ಅಳತೆ.

ನಿಮ್ಮ ಒಡಲು 45ಕ್ಕೆ 65. 8 ಇಂಚಿನ ಬ್ಲಾಕನ್ನು 45ರ ಪಕ್ಕ ಇಟ್ಟರೆ ಐದು ಹಿಡಿದು 5 ಇಂಚು ಉಳಿಯುತ್ತದೆ. 65ರ ಪಕ್ಕ ಎಂಟು ಹಿಡಿದು 1 ಇಂಚು ಉಳಿಯುತ್ತದೆ. ಎಷ್ಟು ಎಳೆದಾಡಿದರೂ ಕೂರುವುದಿಲ್ಲ. ಒಡಲಿಗೂ ಅಂಚಿಗೂ ನಡುವೆ ಒಂದು ಪಟ್ಟಿ ಕೊಟ್ಟು ಸರಿದೂಗಿಸಬಹುದು. ನಾನು ಅದಕ್ಕೆ ನಡುಪಟ್ಟಿ ಅನ್ನುತ್ತೇನೆ. ಗದ್ದೆಗೆ ಬದು ಇದ್ದ ಹಾಗೆ. ಆದರೆ 8ರ ಲೆಕ್ಕಕ್ಕೆ ತರಬೇಕಾದರೆ 45 ಹೋಗಿ 48 ಆಗಬೇಕು, 65 ಹೋಗಿ 72 ಆಗಬೇಕು. ಅಂದರೆ ಎಡಬಲಕ್ಕೆ ಒಂದೂವರೆ ಇಂಚಿನ ಪಟ್ಟಿ, ಮೇಲೆ ಕೆಳಗೆ ಮೂರೂವರೆ ಇಂಚಿನದು. ಹೊಲಿಯಬಹುದು, ಆದರೆ ನೋಡಿದವರಿಗೆ ಗೊತ್ತಾಗಿಬಿಡುತ್ತದೆ, ಇಲ್ಲಿ ಏನೋ ತೇಪೆ ಹಚ್ಚಿದ್ದಾರೆ ಅಂತ.

ಈಗ ಬ್ಲಾಕನ್ನು 10 ಇಂಚು ಮಾಡಿ ನೋಡಿ. 45 ಹೋಗಿ 50, 65 ಹೋಗಿ 70. ಎರಡಕ್ಕೂ ಬೇಕಾದದ್ದು 5 ಇಂಚು, ಅಂದರೆ ನಾಲ್ಕೂ ಬದಿಗೆ ಸಮನಾಗಿ ಎರಡೂವರೆ ಇಂಚಿನ ನಡುಪಟ್ಟಿ. ಅಗಲಕ್ಕೆ 5 ಬ್ಲಾಕ್, ಉದ್ದಕ್ಕೆ 7, ಮೂಲೆಗೆ 4. ಒಟ್ಟು 28. ಮುಗಿದ ಕೌದಿ 70ಕ್ಕೆ 90 ಇಂಚು. ಡಬಲ್ ಕಾಟಿಗೆ ಹೊದೆಯಲು ಭರ್ತಿ ಆಗುತ್ತದೆ.

ಹಾಗಾದರೆ 8 ಇಂಚಿನ ಆ 6 ಬ್ಲಾಕು? ಲಾಗ್ ಕ್ಯಾಬಿನ್ನಿನ ದೊಡ್ಡ ಗುಣವೇ ಇದು. ಸಾಲದಿದ್ದರೆ ಇನ್ನೊಂದು ಸುತ್ತು ಹಾಕಿ. ಒಂದಿಂಚಿನ ಪಟ್ಟಿ ನಾಲ್ಕೂ ಬದಿಗೆ ಬಂದರೆ 8 ಹೋಗಿ 10 ಆಗುತ್ತದೆ. ಬೇರೆ ಬಹಳಷ್ಟು ಬ್ಲಾಕಿಗೆ ಹೀಗೆ ಸುಮ್ನೆ ಬೆಳೆಯಲು ಬರುವುದಿಲ್ಲ. ಪಟ್ಟಿಯನ್ನು ಒಂದೂವರೆ ಇಂಚು ಅಗಲಕ್ಕೆ ಕತ್ತರಿಸಿ, ಎರಡೂ ಬದಿಯ ಕಾಲು ಇಂಚು ಮಾರ್ಜಿನ್ (ಹೊಲಿಗೆಗೆ ಬಿಡುವ ಬಟ್ಟೆ) ಸೇರಿ. ಉದ್ದ ಕ್ರಮವಾಗಿ 8½, 9½, 9½, 10½. ಮೊದಲ ಎರಡು ತಿಳಿ ಬಣ್ಣ, ಮುಂದಿನ ಎರಡು ಕಡು ಬಣ್ಣ. ಹಿಂದಿನ ಮೂರು ಸುತ್ತು ಯಾವ ದಿಕ್ಕಿಗೆ ಸುತ್ತಿದ್ದೀರೋ ಅದೇ ದಿಕ್ಕಿಗೆ.

ಇಲ್ಲಿ ಓದುವ ಬೇರೆಯವರಿಗೆ ಒಂದು ಮಾತು. ಲಾಗ್ ಕ್ಯಾಬಿನ್ ಅಂದರೆ ಮರದ ದಿಮ್ಮಿ ಪೇರಿಸಿ ಕಟ್ಟಿದ ಮನೆ. ಆ ಹೆಸರಿನ ಕೌದಿ ಅಮೆರಿಕದಲ್ಲಿ ಮನೆಮನೆಗೆ ಹಬ್ಬಿದ್ದು 1860ರ ದಶಕದಿಂದ. ನಡುವಿನ ಕೆಂಪು ಚೌಕ ಮನೆಯೊಳಗಿನ ಒಲೆಯ ಬೆಂಕಿ, ಸುತ್ತಲಿನ ಪಟ್ಟಿಗಳು ದಿಮ್ಮಿಗಳು, ಒಂದು ಕಡೆ ಬಿಸಿಲು, ಇನ್ನೊಂದು ಕಡೆ ನೆರಳು, ಹೀಗೆ ಹೇಳುವ ವಾಡಿಕೆ. ನಮಗೆ ದಿಮ್ಮಿ ಮನೆ ಗೊತ್ತಿಲ್ಲದಿದ್ದರೆ ಚಿರೇಕಲ್ಲಿನ ಗೋಡೆ ನೆನಪು ಮಾಡಿಕೊಳ್ಳಿ. ಮೂಲೆಯಲ್ಲಿ ಒಂದು ವರಸೆಯ ಕಲ್ಲು ಈ ಗೋಡೆಯ ತುದಿಯವರೆಗೆ ಬರುತ್ತದೆ, ಮೇಲಿನ ವರಸೆಯಲ್ಲಿ ಆ ಗೋಡೆಯ ಕಲ್ಲು ಅದರ ಮೇಲೆ ಹಾಯುತ್ತದೆ. ಒಂದರ ಕೊನೆಗೆ ಇನ್ನೊಂದು ಮುಚ್ಚಳ. ಪಟ್ಟಿಗಳೂ ಹೀಗೇ. ಪ್ರತಿಯೊಂದು ಹೊಸ ಪಟ್ಟಿ ಹಿಂದಿನದರ ಬಾಯಿ ಮುಚ್ಚುತ್ತಾ ಹೋಗುತ್ತದೆ.

ಈಗ ಮೂಲೆಗೆ ಬರೋಣ. ನಿಮ್ಮ ನಿಜವಾದ ಪ್ರಶ್ನೆ ಅದೇ ಅಲ್ವಾ?

ಒಂದು ಬ್ಲಾಕ್ ಕೈಯಲ್ಲಿ ಹಿಡಿದು ಕಣ್ಣು ಅರ್ಧ ಮುಚ್ಚಿ ನೋಡಿ. ಪಟ್ಟಿಗಳೆಲ್ಲ ಮಾಯವಾಗಿ ಎರಡು ತ್ರಿಕೋನ ಮಾತ್ರ ಕಾಣಬೇಕು, ಒಂದು ಕಡು, ಒಂದು ತಿಳಿ. ಕಡು ಬಣ್ಣ ಒಟ್ಟೊಟ್ಟಿಗೆ ಇರುವ ಎರಡು ಬದಿ ಹಿಡಿದಿರುತ್ತದೆ. ಅಂದರೆ ಈ ಬ್ಲಾಕಿಗೆ ಹುಟ್ಟಿನಿಂದಲೇ ಒಂದು ಮೂಲೆ ಇದೆ. ಅದನ್ನು ಕೌದಿಯ ಮೂಲೆಗೆ ಸರಿಯಾಗಿ ಇಟ್ಟರೆ ಕಡು ಬಣ್ಣ ತಾನೇ ತಿರುಗಿಕೊಳ್ಳುತ್ತದೆ. ಓರೆ ಹೊಲಿಗೆ ಬೇಡ, ಏನೂ ಬೇಡ. ನೀವು ಮಾಡಿದ ತಪ್ಪು ಏನೆಂದರೆ, ಮೇಲಿನ ಸಾಲನ್ನೆಲ್ಲ ಒಂದೇ ಮುಖಕ್ಕೆ ಇಟ್ಟಿರಿ. ಕಡು ಬಣ್ಣ ಮೇಲೆ ಮತ್ತು ಎಡಕ್ಕೆ. ಎಡತುದಿಗೆ ಅದು ಸರಿಯೇ. ಬಲತುದಿಗೆ ಬಂದಾಗಲೂ ಅದೇ ಮುಖ ಇಟ್ಟರೆ ಬಲಬದಿಗೆ ತಿಳಿ ಬಣ್ಣ ಬರದೆ ಇನ್ನೇನು ಬರುತ್ತದೆ?

ಹಾಗಾಗಿ ಮೊದಲು ನಾಲ್ಕು ಮೂಲೆ ಇಡಿ. ನಾಲ್ಕರಲ್ಲೂ ಕಡು ಬಣ್ಣದ ಎರಡು ಬದಿ ಹೊರಗೆ. ಇದನ್ನು ಇನ್ನು ಅಲುಗಾಡಿಸಬೇಡಿ. ಉಳಿದ ಬ್ಲಾಕುಗಳು ತಮಗೆ ಹತ್ತಿರದ ಮೂಲೆಯ ಮುಖವನ್ನೇ ಹಿಡಿಯಲಿ. ಮೇಲಿನ ಎಡಮೂಲೆಯಿಂದ ಬಲಕ್ಕೆ 2 ಬ್ಲಾಕ್, ಕೆಳಕ್ಕೆ 3 ಬ್ಲಾಕ್, ಎಲ್ಲವೂ ಆ ಮೂಲೆಯ ಹಾಗೇ. ಬಲಮೂಲೆಯಿಂದ ಎಡಕ್ಕೆ 2, ಕೆಳಕ್ಕೆ 3, ಎಲ್ಲವೂ ಬಲಮೂಲೆಯ ಹಾಗೆ. ಕೆಳಗೂ ಅಷ್ಟೇ. ಅಂದರೆ ಮೂಲೆಗೆ 6 ಬ್ಲಾಕಿನಂತೆ ನಾಲ್ಕು ಪಾಲು, 24 ಬ್ಲಾಕ್. ನೀವು ಆಗಲೇ ಹೊಲಿದಿಟ್ಟದ್ದು ಎಷ್ಟು? 6. ಸರಿಯಾಗಿ ಒಂದು ಮೂಲೆಯ ಪಾಲು! ಪತ್ರ ಓದಿ ಇದು ಹೊಳೆದಾಗ ನನಗೇ ಖುಷಿ ಆಯ್ತು.

ಉಳಿದದ್ದು 4. ನಾಲ್ಕೂ ಬದಿಯ ನಟ್ಟನಡುವಿನವು. ಎಡಗಡೆಯಿಂದ ಬಂದ ತ್ರಿಕೋನದ ಹಲ್ಲುಗಳೂ ಬಲಗಡೆಯಿಂದ ಬಂದ ಹಲ್ಲುಗಳೂ ಇಲ್ಲಿ ಎದುರಾಗುತ್ತವೆ. ಎರಡೂ ಕಡೆಯಿಂದ ನಡುವಿಗೆ ತಾಗುವುದು ತಿಳಿ ಬಣ್ಣವೇ. ಇಲ್ಲಿ ಮಾಮೂಲಿ ಬ್ಲಾಕ್ ಇಟ್ಟರೆ ಅದು ಯಾವುದಾದರೂ ಒಂದು ಕಡೆ ಸೇರಿಕೊಂಡು ಸಮತೋಲ ಕೆಡಿಸುತ್ತದೆ. ಅದಕ್ಕೇ ಇಲ್ಲಿ ಲಾಗ್ ಕ್ಯಾಬಿನ್ನಿನ ತಂಗಿ ಬೇಕು. ಕೋರ್ಟ್‌ಹೌಸ್ ಸ್ಟೆಪ್ಸ್ ಅನ್ನುತ್ತಾರೆ, ಕಚೇರಿಯ ಮೆಟ್ಟಿಲು. ಇದರಲ್ಲಿ ಪಟ್ಟಿ ಸುತ್ತುವುದಿಲ್ಲ. ಮೊದಲು ಎಡಕ್ಕೊಂದು ಬಲಕ್ಕೊಂದು, ಆಮೇಲೆ ಮೇಲಕ್ಕೊಂದು ಕೆಳಕ್ಕೊಂದು. ಎರಡು ಕಡೆಯೂ ಒಂದೇ ಸಮ ಕಾಣುತ್ತದೆ. ಪಟ್ಟಿಯ ಉದ್ದ ಹೀಗೆ: ಮೊದಲ ಸುತ್ತಿಗೆ ಎಡಬಲ 2½, ಮೇಲೆ ಕೆಳಗೆ 4½. ಎರಡನೇ ಸುತ್ತಿಗೆ 4½ ಮತ್ತು 6½. ಮೂರನೆಯದಕ್ಕೆ 6½ ಮತ್ತು 8½. ನಾಲ್ಕನೆಯದಕ್ಕೆ 8½ ಮತ್ತು 10½. ಹೊರಬದಿಗೆ ಬರುವ ಉದ್ದ ಪಟ್ಟಿ ಮಾತ್ರ ಕಡು, ಉಳಿದ ಮೂರೂ ಬದಿ ತಿಳಿ. ಆಗ ಪ್ರತಿ ಬದಿಯ ನಡುವೆ ಬೆಳಕು ಸ್ವಲ್ಪ ಜಾಸ್ತಿ ಬೀಳುತ್ತದೆ, ಗೋಡೆಯ ಗೂಡಿನಲ್ಲಿ ದೀಪ ಇಟ್ಟ ಹಾಗೆ.

ಈ ನಡು ಬ್ಲಾಕ್ ಬೇಡ ಅನಿಸಿದರೆ ಇನ್ನೊಂದು ದಾರಿ ಇದೆ. ಹಲ್ಲುಗಳನ್ನು ಗರಗಸದ ಹಾಗೆ ಒಂದೇ ದಿಕ್ಕಿಗೆ ಸುತ್ತಿಸಿ. ಮೇಲಿನ ಸಾಲು ಎಡಮೂಲೆಯ ಮುಖ ಹಿಡಿದು ಹೊರಡಲಿ. ಬಲಮೂಲೆ ಬಂದಾಗ ಕಾಲು ಸುತ್ತು ತಿರುಗಿ, ಆ ಮೂಲೆಯಿಂದ ಕೆಳಗಿನವರೆಗೆ ಅದರದೇ ಮುಖ. ಮತ್ತೆ ಮೂಲೆಯಲ್ಲಿ ಕಾಲು ಸುತ್ತು. ಇದಕ್ಕೆ ಬ್ಲಾಕಿನ ಸಂಖ್ಯೆ ಬೆಸವೋ ಸಮವೋ ಎಂಬ ಗೋಜೇ ಇಲ್ಲ. ನೋಡಲು ಗಿರಗಿಟ್ಲೆಯ ಹಾಗೆ ಓಡುತ್ತದೆ. ಮಕ್ಕಳ ಕೌದಿಗೆ ನಾನು ಇದನ್ನೇ ಹೇಳುವುದು. ನಿಮ್ಮ ಒಡಲಿನಲ್ಲಿ ಆಗಲೇ 117 ಚೌಕ ಕುಣಿಯುತ್ತಿವೆ. ಅಂಚೂ ಓಡುವುದು ಬೇಡ, ಅದು ನಿಂತಿರಲಿ ಎಂಬುದು ನನ್ನ ಅಭಿಪ್ರಾಯ.

ಇನ್ನು ಮಾರ್ಜಿನ್. ಇದನ್ನು ಎರಡು ಸಲ ಓದಿ.

ಬ್ಲೌಸ್ ಹೊಲಿದ ಕೈಗೆ ಕಾಲು ಇಂಚಿನ ಮಾರ್ಜಿನ್ ಅಂದರೆ ಜಿಪುಣತನ ಅನಿಸುತ್ತದೆ. ಗೊತ್ತಿಲ್ಲದೆಯೇ ಸ್ವಲ್ಪ ಒಳಗೆ ಹೋಗುತ್ತದೆ. ಬ್ಲೌಸಿನಲ್ಲಿ ಅದು ನಡೆಯುತ್ತದೆ. ಇಲ್ಲಿ ನಡೆಯುವುದಿಲ್ಲ. 10 ಇಂಚಿನ ಬ್ಲಾಕಿನಲ್ಲಿ ಅಡ್ಡಕ್ಕೆ 9 ತುಂಡು, ನಡುವೆ 8 ಹೊಲಿಗೆ. ಒಂದೊಂದು ಹೊಲಿಗೆಯಲ್ಲಿ ನೀವು ಇಂಚಿನ ಹದಿನಾರನೇ ಒಂದು ಪಾಲು ಜಾಸ್ತಿ ಹಿಡಿದಿರಿ ಅನ್ನಿ. ಅದು ಎರಡೂ ತುಂಡಿನಿಂದ ಹೋಗುತ್ತದೆ, ಅಂದರೆ ಎಂಟನೇ ಒಂದು ಪಾಲು. 8 ಹೊಲಿಗೆಗೆ ಒಂದು ಇಂಚು! 10ರ ಬ್ಲಾಕ್ 9 ಆಯ್ತು. ಐದು ಬ್ಲಾಕಿನ ಸಾಲಿನಲ್ಲಿ ಐದು ಇಂಚು ಮಾಯ. ಕಣ್ಣಿಗೆ ಕಾಣದಷ್ಟು ತಪ್ಪು, ಕೊನೆಗೆ ಅರ್ಧ ಬ್ಲಾಕಿನಷ್ಟು ತೂತು.

ಆದ್ದರಿಂದ ಪರೀಕ್ಷೆ ಮಾಡಿ. ಒಂದೂವರೆ ಇಂಚಿನ ಮೂರು ತುಂಡು ಪಟ್ಟಿ ಒಟ್ಟಿಗೆ ಹೊಲಿದು, ಇಸ್ತ್ರಿ ಮಾಡಿ, ಟೇಪ್ ಹಿಡಿಯಿರಿ. ಒಟ್ಟು ಮೂರೂವರೆ ಇಂಚು, ನಡುವಿನ ಪಟ್ಟಿ ಸರಿಯಾಗಿ ಒಂದು ಇಂಚು ಬರಬೇಕು. ಕಡಿಮೆ ಬಂದರೆ ಮಾರ್ಜಿನ್ ಕಾಲು ಇಂಚಿಗಿಂತ ಒಂದು ದಾರದಷ್ಟು ಕಡಿಮೆ ಹಿಡಿಯಿರಿ, ಬಟ್ಟೆ ಮಡಚುವಲ್ಲೂ ಒಂಚೂರು ಹೋಗುತ್ತದೆ. ಮಷಿನ್ನಿನ ತಟ್ಟೆಯ ಮೇಲೆ ಸೂಜಿಯಿಂದ ಅಳೆದು, ಗಾಯಕ್ಕೆ ಹಚ್ಚುವ ಅಂಟುಪಟ್ಟಿಯನ್ನು ಎರಡು ಮೂರು ಪದರ ಹಚ್ಚಿಬಿಡಿ. ಬಟ್ಟೆಯ ಬದಿ ಅದಕ್ಕೆ ತಾಗಿಕೊಂಡು ಹೋಗುತ್ತದೆ. ನನ್ನ ಮಷಿನ್ನಿನಲ್ಲಿ ಅದು ವರ್ಷಗಳಿಂದ ಹಾಗೇ ಇದೆ, ಕಪ್ಪಗಾಗಿದೆ, ತೆಗೆಯಲು ಯಾರಿಗೂ ಬಿಟ್ಟಿಲ್ಲ.

ನಿಮ್ಮ 6 ಬ್ಲಾಕನ್ನೂ ಈಗಲೇ ಅಳೆಯಿರಿ. ಹೊರಗಿನ ಮಾರ್ಜಿನ್ ಸೇರಿ 8½ ಇರಬೇಕು. ಕಾಲು ಇಂಚು ಕಡಿಮೆ ಇದ್ದರೂ ಚಿಂತೆ ಬೇಡ. ಕೊನೆಯ ಸುತ್ತಿನ ಪಟ್ಟಿಯನ್ನು ಒಂದೂಮುಕ್ಕಾಲು ಇಂಚು ಅಗಲ ಕತ್ತರಿಸಿ, ಉದ್ದವನ್ನು ಬ್ಲಾಕಿಗೇ ಹಿಡಿದು ಅಳೆದು ಹೊಲಿಯಿರಿ. ಹಳೇ ಕ್ಯಾಲೆಂಡರಿನ ರಟ್ಟಿನಲ್ಲಿ 10½ ಇಂಚಿನ ಚೌಕ ಕತ್ತರಿಸಿಟ್ಟುಕೊಂಡು, ಬ್ಲಾಕಿನ ಮೇಲಿಟ್ಟು ಹೆಚ್ಚಾದದ್ದನ್ನು ಸವರಿ. ಹೊರಗಿನ ಪಟ್ಟಿ ಒಂದು ಎಳೆ ಅಗಲವಾದರೂ ಯಾರಿಗೂ ಕಾಣುವುದಿಲ್ಲ.

ಅಲೆ ಅಲೆಯಾಗಿ ನಿಂತದ್ದು ಯಾಕೆ? ಉದ್ದ ಪಟ್ಟಿಯ ತುದಿ ಹಿಡಿದು ಹೊಲಿಯುತ್ತಾ ಹೋಗಿ, ಕೊನೆಗೆ ಉಳಿದದ್ದನ್ನು ಕತ್ತರಿಸಿದಿರಿ ಅಲ್ವಾ? ಎಲ್ಲರೂ ಮಾಡುವುದು ಅದನ್ನೇ. ಮಷಿನ್ನಿನ ಹಲ್ಲು ಅಡಿಯ ಬಟ್ಟೆಯನ್ನು ಎಳೆಯುತ್ತದೆ, ಬಟ್ಟೆ ಒತ್ತಿ ಹಿಡಿಯುವ ಕಾಲು ಮೇಲಿನದನ್ನು ತಡೆಯುತ್ತದೆ. ಎರಡೂ ಒಂದೇ ಸಮ ಹೋಗುವುದಿಲ್ಲ. 65 ಇಂಚಿನ ಬದಿಗೆ 66 ಇಂಚಿನ ಪಟ್ಟಿ ನುಂಗಿಸಿದರೆ ಅದು ನಿರಿಗೆ ಆಗದೆ ಹೋಗುತ್ತದೆಯೇ? ಒಡಲನ್ನು ನೆಲದ ಮೇಲೆ ಹಾಸಿ ಮೂರು ಕಡೆ ಅಳೆಯಿರಿ, ಎರಡು ಬದಿಯಲ್ಲಿ, ಒಂದು ನಟ್ಟನಡುವೆ. ಬದಿ ಎಳೆದಾಟಕ್ಕೆ ಹಿಗ್ಗಿರುತ್ತದೆ, ನಡುವಿನ ಅಳತೆಯನ್ನೇ ನಂಬಿ. ಪಟ್ಟಿಯನ್ನು ಆ ಅಳತೆಗೆ ಮೊದಲೇ ಕತ್ತರಿಸಿ. ಪಟ್ಟಿಗೂ ಬದಿಗೂ ಅರ್ಧ, ಕಾಲು ಗುರುತು ಹಾಕಿ ಪಿನ್ ಮಾಡಿ, ಆಮೇಲೆ ಹೊಲಿಯಿರಿ.

ನಡುಪಟ್ಟಿಯಲ್ಲಿ ಒಂದು ಗುಟ್ಟು ಇದೆ. ಎರಡೂವರೆ ಇಂಚು ಕಾಣಬೇಕಾದರೆ 3 ಇಂಚು ಕತ್ತರಿಸಬೇಕು. ನೀವು ಮೂರೂವರೆ ಕತ್ತರಿಸಿ. ಮೊದಲು ಉದ್ದದ ಎರಡು ಬದಿ, ಆಮೇಲೆ ಅಗಲದ ಎರಡು. ನಾಲ್ಕನ್ನೂ ಹೊಲಿದು ಇಸ್ತ್ರಿ ಮಾಡಿ, ಇಡೀ ತುಂಡನ್ನು 50½ಕ್ಕೆ 70½ ಆಗುವ ಹಾಗೆ ನಾಲ್ಕೂ ಕಡೆ ಸಮನಾಗಿ ಸವರಿ. ಒಡಲು 45ರ ಬದಲು 44¾ ಬಂದಿದ್ದರೂ ಆ ತಪ್ಪನ್ನು ಈ ಪಟ್ಟಿಯೇ ನುಂಗಿಕೊಳ್ಳುತ್ತದೆ. ಬ್ಲಾಕಿನ ಸಾಲಿಗೆ ಸರಿಯಾದ ಅಳತೆ ಸಿಗುತ್ತದೆ. ಆಮೇಲೆ ಎಡಬಲಕ್ಕೆ 7 ಬ್ಲಾಕಿನ ಎರಡು ಸಾಲು ಸೇರಿಸಿ. ಅಗಲ ಆಗ 70 ಆಗುತ್ತದೆ. ಮೇಲಿನ, ಕೆಳಗಿನ ಸಾಲಿಗೆ ಮೂಲೆ ಸೇರಿ ಮತ್ತೆ ಏಳೇಳು ಬ್ಲಾಕ್. ನಾಲ್ಕೂ ಸಾಲಿಗೆ ಒಂದೇ ಲೆಕ್ಕ, ಎಣಿಸುವುದು ತಪ್ಪುವುದಿಲ್ಲ. ಹೊಲಿಯುವ ಮೊದಲು ಹಾಲ್‌ನಲ್ಲಿ ಎಲ್ಲವನ್ನೂ ಹಾಸಿ ಮೊಬೈಲಿನಲ್ಲಿ ಒಂದು ಫೋಟೋ ತೆಗೆದಿಡಿ. ಬೆಕ್ಕು ಬರುತ್ತದೆ, ಮಕ್ಕಳು ಬರುತ್ತಾರೆ, ಫ್ಯಾನ್ ಯಾರಾದರೂ ಹಾಕುತ್ತಾರೆ.

ಆ ಫೋಟೋವನ್ನೇ ಕಪ್ಪು ಬಿಳುಪು ಮಾಡಿ ನೋಡಿ. ಬಣ್ಣ ನಮ್ಮನ್ನು ಮೋಸ ಮಾಡುತ್ತದೆ, ಕಪ್ಪು ಬಿಳುಪು ಮಾಡುವುದಿಲ್ಲ. ಹಸಿರು ಕಡು, ಕೇಸರಿ ತಿಳಿ ಅಂದುಕೊಂಡಿರುತ್ತೀರಿ. ಫೋಟೋದಲ್ಲಿ ಎರಡೂ ಒಂದೇ ಬೂದಿ ಬಣ್ಣ. ಆಗ ಹಲ್ಲೂ ಇಲ್ಲ, ಮೂಲೆಯೂ ಇಲ್ಲ, ಬರೀ ಗಲಿಬಿಲಿ. ಚೌಕುಳಿ ಸೀರೆ, ದೊಡ್ಡ ಹೂವಿನ ಸೀರೆ ಒಡಲಿಗೆ ಇರಲಿ, ಅಂಚಿನ ಪಟ್ಟಿಗೆ ಬೇಡ. ಒಂದು ಇಂಚಿನಲ್ಲಿ ಹೂವಿನ ಅರ್ಧ ದಳ ಬರುತ್ತದೆ, ಒಂದು ತುಂಡು ಕಡು, ಪಕ್ಕದ್ದು ತಿಳಿ. ನಿಮ್ಮ ಒಡಲು ಅಷ್ಟು ಬಣ್ಣಬಣ್ಣ ಇರುವಾಗ ಅಂಚಿಗೆ ಒಂದು ಕಡು ನೀಲಿ, ಒಂದು ಕೋರಾ ಬಣ್ಣ ಸಾಕು. ನಡುಪಟ್ಟಿಯೂ ಅದೇ ಕಡು ನೀಲಿ ಇದ್ದರೆ ತಿಳಿ ತ್ರಿಕೋನಗಳು ಎರಡು ಗೆರೆಯ ನಡುವೆ ಚೊಕ್ಕ ಕೂರುತ್ತವೆ.

ಬಟ್ಟೆ ಎಷ್ಟು ಬೇಕು ಅಂತ ಹೆದರಬೇಡಿ. 28 ಬ್ಲಾಕಿಗೆ ಕಡು ಪಟ್ಟಿ ಸುಮಾರು 1460 ಇಂಚು, ತಿಳಿ ಪಟ್ಟಿಯೂ ಹೆಚ್ಚುಕಡಿಮೆ ಅಷ್ಟೇ. ಐದೂವರೆ ಮೀಟರಿನ ಸೀರೆ ಅಂದರೆ 216 ಇಂಚು ಉದ್ದ. ಉದ್ದಕ್ಕೆ 7 ಪಟ್ಟಿ ಕತ್ತರಿಸಿದರೆ ಮುಗಿಯಿತು, ಹಾಳಾಗುವುದಕ್ಕೆ ಇನ್ನೊಂದು ಸೇರಿಸಿ 8. ಅಂದರೆ ಒಂದು ಸೀರೆಯ ಅಗಲದಲ್ಲಿ 12 ಇಂಚು ಅಷ್ಟೇ. ಉದ್ದಕ್ಕೇ ಕತ್ತರಿಸಿ, ಅಡ್ಡಕ್ಕೆ ಬೇಡ. ಹಾಸಿನ ದಾರ ಹಿಗ್ಗುವುದಿಲ್ಲ, ಹೊಕ್ಕಿನ ದಾರ ಸ್ವಲ್ಪ ಹಿಗ್ಗುತ್ತದೆ. ಕತ್ತರಿಸುವ ಮೊದಲು ಸೀರೆಯನ್ನು ಕಿಟಕಿಗೆ ಹಿಡಿದು ನೋಡಿ. ಬೆಳಕು ಜಾಳುಜಾಳಾಗಿ ಬರುವ ಜಾಗ ಸವೆದದ್ದು, ಅದನ್ನು ಬಿಡಿ.

ಸೀರೆ ತೆಳ್ಳಗಿದ್ದಷ್ಟೂ ಒಳ್ಳೆಯದು. ಒಂದು ಇಂಚು ಕಾಣಲು ಒಂದೂವರೆ ಇಂಚು ಬಟ್ಟೆ ಹೋಗುತ್ತದೆ, ಉಳಿದ ಅರ್ಧ ಇಂಚು ಅಡಿಯಲ್ಲಿ ಮಡಚಿಕೊಂಡಿರುತ್ತದೆ. ಹಾಗಾಗಿ ಅಂಚು ಒಡಲಿಗಿಂತ ದಪ್ಪ. ಪದರಗಳನ್ನು ಕೂಡಿಸುವ ಕೈಹೊಲಿಗೆಯನ್ನು ಪಟ್ಟಿಯ ನಟ್ಟನಡುವೆ ಹಾಕಿ, ಕೂಡಿಕೆಯ ಹತ್ತಿರ ಹೋದರೆ ಸೂಜಿ ಬಗ್ಗುತ್ತದೆ, ಬೆರಳು ನೋಯುತ್ತದೆ. ಮಳೆಗಾಲದಲ್ಲಂತೂ ನಮ್ಮ ಕಡೆ ದಪ್ಪ ಕೌದಿ ಒಗೆದರೆ ಮೂರು ದಿನಕ್ಕೂ ಒಣಗುವುದಿಲ್ಲ, ಬೂಸು ವಾಸನೆ ಬೇರೆ.

ಕೆಂಪು ಚೌಕದ ಬಗ್ಗೆ ಒಂದು ಎಚ್ಚರಿಕೆ. ನಾನು ಒಮ್ಮೆ ಅಂಗಡಿಯಲ್ಲಿ ‘ಗ್ಯಾರಂಟಿ ಬಣ್ಣ’ ಅಂದದ್ದನ್ನು ನಂಬಿ ಹೊಸ ಕೆಂಪು ಬಟ್ಟೆಯನ್ನು ಒಗೆಯದೆ ಹಾಕಿದ್ದೆ. ಕೋರಾ ಪಟ್ಟಿಗಳ ನಡುವೆ ಎಷ್ಟು ಚೆಂದ ಇತ್ತು ಅಂತೀರಿ! ಮೊದಲ ಒಗೆತಕ್ಕೆ ಪ್ರತಿ ಬ್ಲಾಕಿನಲ್ಲೂ ಕುಂಕುಮ ಚೆಲ್ಲಿದ ಹಾಗೆ ಗುಲಾಬಿ ಕಲೆ. ತಂಗಿಗೆ ಕೊಡಬೇಕೆಂದಿದ್ದ ಕೌದಿ ಅದು, ಈಗ ನಮ್ಮ ಮನೆಯಲ್ಲಿ ಕಾಟಿನ ಅಡಿಹಾಸು. ನೀವು 6 ಬ್ಲಾಕಿಗೆ ಕೆಂಪು ಹಾಕಿಬಿಟ್ಟಿದ್ದೀರಿ. ಉಳಿದ ಕೆಂಪು ಬಟ್ಟೆಯ ತುಂಡನ್ನು ಒದ್ದೆ ಮಾಡಿ, ಬಿಳಿ ಬಟ್ಟೆಯ ನಡುವೆ ಇಟ್ಟು ಬಿಸಿ ಇಸ್ತ್ರಿ ಒತ್ತಿ. ಬಿಳಿಗೆ ಬಣ್ಣ ಹತ್ತದಿದ್ದರೆ ಧೈರ್ಯವಾಗಿ ಮುಂದುವರಿಯಿರಿ. ಹತ್ತಿದರೆ ಉಳಿದ 22ಕ್ಕೆ ಹಳೇ, ಹತ್ತಾರು ಒಗೆತ ಕಂಡ ಕೆಂಪು ಸೀರೆ ಹುಡುಕಿ. ಆ 6 ಬ್ಲಾಕಿನ ನಡುವೆ ಮಾತ್ರ, ಅದೇ ಹಳೇ ಕೆಂಪಿನ ಚೌಕವನ್ನು ಬದಿ ಮಡಚಿ ಮೇಲೆ ಹೊಲಿದು, ಅಡಿಯಿಂದ ಹೊಸ ಕೆಂಪನ್ನು ಮಾರ್ಜಿನ್ ಬಿಟ್ಟು ಕತ್ತರಿಸಿ ತೆಗೆಯಿರಿ. ಮಾರ್ಜಿನ್ನಿನಲ್ಲಿ ಉಳಿದ ಚೂರು ಕೆಂಪಿಗಾಗಿ ಮೊದಲ ಎರಡು ಒಗೆತ ತಣ್ಣೀರಿನಲ್ಲಿ, ನೆನೆಹಾಕದೆ, ಬೇಗ ಒಗೆದು ಕೂಡಲೇ ಹರವಿಬಿಡಿ.

ಇನ್ನು ಮೂಲೆಯ ಹೂ. ಸಿದ್ದಿಯರು ಅದಕ್ಕೆ ಫುಲ ಅನ್ನುತ್ತಾರೆ. ನಾಲ್ಕು ಮೂಲೆಗೆ ಮಡಚಿದ ಬಟ್ಟೆಯ ಸಣ್ಣ ತ್ರಿಕೋನಗಳು. ಅದಿಲ್ಲದ ಕವಂದಿ ಅವರ ಲೆಕ್ಕದಲ್ಲಿ ಮುಗಿದ ಹಾಗಲ್ಲ. ನೀವು ಖಂಡಿತ ಇಡಬಹುದು, ಮನೆಗೆ ಬಂದವರು ಕೇಳಿದರೆ ಇದು ಸಿದ್ದಿಯರಿಂದ ಕಲಿತದ್ದು ಅಂತ ಹೇಳಿ. ಲಾಗ್ ಕ್ಯಾಬಿನ್ನಿನ ಅಂಚಿಗೆ ನಾನು ಹೀಗೆ ಮಾಡುತ್ತೇನೆ. 4 ಇಂಚಿನ ಚೌಕವನ್ನು ಮೂಲೆಯಿಂದ ಮೂಲೆಗೆ ಮಡಚಿ, ಇನ್ನೊಮ್ಮೆ ಮಡಚಿ, ಇಸ್ತ್ರಿ ಒತ್ತಿ. ಪೂರ್ತಿ ಮಡಿಕೆಯ ಬದಿ ಒಳಗೆ, ಬಿಚ್ಚಿಕೊಳ್ಳುವ ಬದಿ ಹೊರಗೆ ಬರುವ ಹಾಗೆ ಮೂಲೆಗೆ ಪಿನ್ ಮಾಡಿ. ಕೌದಿಯ ಸುತ್ತ ಕೊನೆಯ ಪಟ್ಟಿ ಕಟ್ಟುವಾಗ ಬಿಚ್ಚು ಬದಿ ಅದರೊಳಗೆ ಸಿಕ್ಕಿಕೊಳ್ಳುತ್ತದೆ. ಒಂದರ ಮೇಲೊಂದು ಎರಡು ಬಣ್ಣ ಇಟ್ಟರೆ ಇನ್ನೂ ಚೆಂದ, ಆದರೆ ಎರಡಕ್ಕಿಂತ ಹೆಚ್ಚು ಬೇಡ, ಮಷಿನ್ನಿನ ಸೂಜಿ ದಾಟುವುದಿಲ್ಲ.

ಫುಲಕ್ಕೆ ಬಟ್ಟೆಯನ್ನು ಒಡಲಿನಲ್ಲಿ ಉಳಿದ ಸೀರೆಯಿಂದಲೇ ತೆಗೆಯಿರಿ. ಎರಡು ಮೂಲೆಗೆ ಅಮ್ಮನದು, ಎರಡು ಮೂಲೆಗೆ ಅತ್ತೆಯದು. ಯಾರದು ತಲೆಯ ಕಡೆ, ಯಾರದು ಕಾಲಿನ ಕಡೆ ಅಂತ ಮಾತ್ರ ನನ್ನನ್ನು ಕೇಳಬೇಡಿ. ಎದುರುಬದುರಿನ ಮೂಲೆಗೆ ಇಟ್ಟುಬಿಡಿ.